ಹೊಲಿಗೆಯ ಮೇಲೊಂದು ಅಂಗಿ

ಸಾಕುಪ್ರಾಣಿ: ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ಮನೆಯ ಹೆಣ್ಣು ಬೆಕ್ಕಿಗೆ ಮುಂದಿನ ತಿಂಗಳು ಮರಿಯಾಗದಂತೆ ಆಪರೇಷನ್ ಮಾಡಿಸಬೇಕೆಂದಿದ್ದೇವೆ. ಪಕ್ಕದ ಮನೆಯ ಬೆಕ್ಕಿಗೆ ಇದೇ ಆಪರೇಷನ್ ಆದಾಗ ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿದ್ದರು. ಅದು ಕಂಡಕಂಡಲ್ಲಿ ಢಿಕ್ಕಿ ಹೊಡೆಯುತ್ತ, ಊಟ ಬಿಟ್ಟು ಸೊರಗಿಹೋಗಿತ್ತು. ಕೋನ್ ಬದಲು ಮೈಗೆ ಅಂಗಿ ತೊಡಿಸಿದರೆ ಸಾಕೆ? ಅದನ್ನು ಮನೆಯಲ್ಲೇ ಹೊಲಿಯಬಹುದೆ? – ಓದುಗರೊಬ್ಬರು, ಸಾಗರ

ಉತ್ತರ: ಗಾಯ ಹೊಟ್ಟೆಯ ಮೇಲೋ ಪಕ್ಕೆಯಲ್ಲೋ ಇದ್ದರೆ ಬಹುತೇಕ ಬೆಕ್ಕುಗಳಿಗೆ ಅಂಗಿ ಸಾಕಾಗುತ್ತದೆ, ಮನೆಯಲ್ಲೇ ಹೊಲಿಯಲೂಬಹುದು. ಹೆಣ್ಣು ಬೆಕ್ಕಿನ ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲು ನಮ್ಮಲ್ಲಿ ಕೆಲವು ವೈದ್ಯರು ಹೊಟ್ಟೆಯ ನಡುಗೆರೆಯಲ್ಲಿ ಕೊಯ್ದರೆ, ಇನ್ನು ಕೆಲವರು ಪಕ್ಕೆಯಲ್ಲಿ ಕೊಯ್ಯುತ್ತಾರೆ. ನಿಮ್ಮ ವೈದ್ಯರು ಯಾವ ಕಡೆ ಕೊಯ್ಯುತ್ತಾರೆ, ಅಂಗಿಗೆ ಅವರ ಒಪ್ಪಿಗೆ ಇದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ.

ಇಷ್ಟೊಂದು ಎಚ್ಚರಿಕೆ ಬೇಕಾಗುವುದು ಬೆಕ್ಕಿನ ನಾಲಿಗೆಯ ದೆಸೆಯಿಂದ. ಅದರ ಮೇಲೆ ಗಂಟಲಿನ ಕಡೆಗೆ ಬಾಗಿದ ಗಟ್ಟಿಯಾದ ಸಣ್ಣ ಮುಳ್ಳುಗಳಿದ್ದು, ಕೂದಲನ್ನು ಬಾಚುವ ಅದೇ ಮುಳ್ಳುಗಳು ಹೊಲಿಗೆಯ ದಾರವನ್ನೂ ಹಿಡಿದೆಳೆಯುತ್ತವೆ. ಬೆಕ್ಕು ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎಂಬ ನಂಬಿಕೆ ಹಳ್ಳಿ ಪಟ್ಟಣಗಳೆರಡರಲ್ಲೂ ಇದೆ. ಆದರೆ ಹೊಲಿಗೆ ಹಾಕಿದ ಗಾಯಕ್ಕೆ ಅದು ಕೇಡೇ ಸರಿ. ಪದೇ ಪದೇ ನೆಕ್ಕುವುದರಿಂದ ಚರ್ಮ ತೇವಗೊಂಡು ಮೆತ್ತಗಾಗುತ್ತದೆ, ಬಾಯಿಯ ರೋಗಾಣುಗಳು ಒಳಸೇರುತ್ತವೆ, ಕೂಡಿಕೊಳ್ಳುತ್ತಿದ್ದ ಅಂಚುಗಳು ಮತ್ತೆ ಬಿಡಿಸಿಕೊಳ್ಳುತ್ತವೆ. ಮೂರು ನಾಲ್ಕು ದಿನಗಳಲ್ಲಿ ಗಾಯ ಮುಚ್ಚಿದಂತೆ ಕಂಡರೂ ಚರ್ಮಕ್ಕೆ ಆಗಿನ್ನೂ ಬಲ ಬಂದಿರುವುದಿಲ್ಲ. ಸಾಮಾನ್ಯವಾಗಿ 10ರಿಂದ 14 ದಿನಗಳವರೆಗೆ, ಅಂದರೆ ವೈದ್ಯರು ಗಾಯ ನೋಡಿ ಸಾಕೆನ್ನುವವರೆಗೆ, ರಕ್ಷಣೆ ಇರಲೇಬೇಕು.

ಅಂಗಡಿಯಲ್ಲಿ ರಿಕವರಿ ಸೂಟ್ ಎಂಬ ಹೆಸರಿನ ಸಿದ್ಧ ಉಡುಪು ಸಿಗುತ್ತದೆ. ಕೊಳ್ಳುವುದಾದರೆ ತೂಕವನ್ನಷ್ಟೇ ನೋಡದೆ, ಕೊರಳಿನ ಬುಡದಿಂದ ಬಾಲದ ಬುಡದವರೆಗೆ ಬೆನ್ನಿನ ಉದ್ದವನ್ನೂ ಎದೆಯ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆದುಕೊಂಡು ಹೋಗಿ. ಮನೆಯಲ್ಲೇ ಮಾಡುವುದಾದರೆ ಹಿಗ್ಗುವ ಗುಣವಿರುವ ಹಳೆಯ ಹತ್ತಿ ಬನಿಯನ್ ಅಥವಾ ತುಂಬುತೋಳಿನ ಟೀ ಶರ್ಟಿನ ತೋಳು ಒಳ್ಳೆಯದು. ಮುಂಗಾಲುಗಳಿಗೆ ಮೊದಲು ಸಣ್ಣ ತೂತು ಕತ್ತರಿಸಿ, ತೊಡಿಸಿ ನೋಡಿ, ಬೇಕಾದಷ್ಟೇ ಹಿಗ್ಗಿಸಿ. ಒಮ್ಮೆ ದೊಡ್ಡದಾದ ತೂತಿನಿಂದ ಬೆಕ್ಕು ಮೊಣಕೈ ಸಮೇತ ಹೊರಬರುತ್ತದೆ. ಹಿಂಭಾಗದಲ್ಲಿ ಬಾಲದ ಕೆಳಗಿನ ಬಟ್ಟೆಯನ್ನು ಧಾರಾಳವಾಗಿ ಕತ್ತರಿಸಿ ತೆಗೆದು, ಮಲಮೂತ್ರದ ಜಾಗ ಪೂರ್ತಿ ತೆರೆದಿರುವಂತೆ ಮಾಡಬೇಕು. ಅಂಗಿ ಹಾಕಿದ ಮೇಲೆ ಕೊರಳಿನ ಬಳಿಯೂ ಕಂಕುಳಿನ ಬಳಿಯೂ ನಿಮ್ಮ ಎರಡು ಬೆರಳು ಸಲೀಸಾಗಿ ತೂರಬೇಕು.

ಕಟ್ಟುವ ಪಟ್ಟಿಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಲಾಡಿ, ಎಲಾಸ್ಟಿಕ್ ಎಳೆ, ಸಡಿಲ ಗುಂಡಿ ಬೇಡವೇ ಬೇಡ. ನಾಲಿಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಬಾಯಿಗೆ ಸಿಕ್ಕ ದಾರವನ್ನು ಉಗುಳುವುದು ಬೆಕ್ಕಿಗೆ ಕಷ್ಟ. ನುಂಗಿದ ದಾರ ಕರುಳನ್ನು ನೆರಿಗೆಯಂತೆ ಮುದುರಿಸಿ, ಕೊಯ್ದುಬಿಡುವುದೂ ಉಂಟು. ಅದೇ ಬಟ್ಟೆಯ ಅಗಲವಾದ ಪಟ್ಟಿಗಳನ್ನು ಅಂಗಿಯಿಂದ ಬೇರ್ಪಡಿಸದೆ ಬಿಟ್ಟು, ಗಂಟು ಬೆನ್ನಿನ ಮೇಲೆ ಬರುವಂತೆ ಕಟ್ಟಿ.

ಆಪರೇಷನ್ನಿಗೆ ಇನ್ನೂ ದಿನಗಳಿರುವುದು ನಿಮಗೆ ಅನುಕೂಲವೇ ಆಯಿತು. ಈಗಿನಿಂದಲೇ ದಿನಕ್ಕೆ ಕೆಲವು ನಿಮಿಷ ಅಂಗಿ ತೊಡಿಸಿ, ಇಷ್ಟದ ತಿಂಡಿ ಕೊಟ್ಟು, ತೆಗೆದುಬಿಡಿ. ಮೊದಲ ಸಲ ಕೆಲವು ಬೆಕ್ಕುಗಳು ನಿಂತಲ್ಲೇ ಪಕ್ಕಕ್ಕೆ ಉರುಳಿ ಮರದ ಕೊರಡಿನಂತೆ ಬಿದ್ದುಕೊಳ್ಳುತ್ತವೆ, ಕೆಲವು ಹಿಂದು ಹಿಂದಕ್ಕೆ ನಡೆಯುತ್ತವೆ. ಕಾಲಿನ ಬಲ ಹೋಯಿತೆಂದು ಗಾಬರಿಯಾಗಬೇಡಿ. ಮೈಸುತ್ತ ಬಟ್ಟೆ ತಾಗಿದ್ದಕ್ಕೆ ತೋರುವ ಪ್ರತಿಕ್ರಿಯೆ ಅದು, ರೂಢಿಯಾದಂತೆ ಕಡಿಮೆಯಾಗುತ್ತದೆ. ಎಷ್ಟು ತೊಡಿಸಿದರೂ ಅಲುಗದೆ ಬಿದ್ದಿರುವ ಬೆಕ್ಕಾದರೆ ಅದಕ್ಕೆ ಅಂಗಿ ತಕ್ಕುದಲ್ಲ. ಬಟ್ಟೆಯ ಮೆತ್ತನೆಯ ಕೋನ್ ತಂದಿಡಿ.

ಅಂಗಿಯ ದೊಡ್ಡ ದೋಷವೆಂದರೆ ಅದು ಗಾಯವನ್ನು ಬೆಕ್ಕಿನಿಂದ ಮಾತ್ರವಲ್ಲ, ನಿಮ್ಮಿಂದಲೂ ಮರೆಮಾಡುತ್ತದೆ. ಕೋನ್ ಹಾಕಿದ ಬೆಕ್ಕು ಅಂಗಾತ ಹೊರಳಿದರೆ ಹೊಲಿಗೆ ಕಣ್ಣಿಗೆ ಬೀಳುತ್ತದೆ. ಅಂಗಿ ತೊಟ್ಟ ಬೆಕ್ಕು ಅಂದವಾಗಿ ಕಾಣುತ್ತ ಒಳಗೊಳಗೇ ಕೀವು ತುಂಬಿಕೊಂಡು ಐದಾರು ದಿನಗಳ ಮೇಲೆ ಬರುವುದು ನಮ್ಮ ವೃತ್ತಿಯಲ್ಲಿ ಅಪರೂಪವಲ್ಲ. ಆದ್ದರಿಂದ ಬೆಳಿಗ್ಗೆ ಮತ್ತು ಸಂಜೆ ಅಂಗಿ ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ ಗಾಯವನ್ನು ನೋಡಿ. ಮೊದಲ ದಿನವೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಹೋಲಿಸಲು ಸುಲಭ. ಅಂಚಿನಲ್ಲಿ ತುಸು ಕೆಂಪು, ಸಣ್ಣ ಬಾವು ಮೊದಮೊದಲು ಸಹಜ. ಕೆಂಪು ಹರಡುತ್ತ ಹೋಗುವುದು, ಬಾವು ದಿನದಿಂದ ದಿನಕ್ಕೆ ಏರುವುದು, ಕೀವು, ದುರ್ವಾಸನೆ, ರಕ್ತ ಜಿನುಗುವುದು, ಅಂಚು ಬಾಯಿಬಿಡುವುದು ಇವುಗಳಲ್ಲಿ ಯಾವುದಿದ್ದರೂ, ಅಥವಾ ಬೆಕ್ಕು ಒಂದು ಇಡೀ ದಿನ ಏನೂ ತಿನ್ನದಿದ್ದರೂ, ಅಂದೇ ವೈದ್ಯರಿಗೆ ತೋರಿಸಿ. ಗಾಯವಿರುವಲ್ಲಿ ಅಂಗಿಯ ಹೊರಮೈ ಒದ್ದೆಯಾಗಿದ್ದರೆ ಬೆಕ್ಕು ಬಟ್ಟೆಯ ಮೇಲಿನಿಂದಲೇ ನೆಕ್ಕುತ್ತಿದೆ ಎಂದು ತಿಳಿಯಿರಿ. ಆಗ ಕೋನ್ ಹಾಕದೆ ಗತಿಯಿಲ್ಲ.

ನಿಮ್ಮ ಕಡೆಯ ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ತೇವದ ಬಟ್ಟೆ ಗಾಯಕ್ಕೆ ಅಂಟಿಕೊಂಡಿದ್ದರೆ ನೆಕ್ಕಿದಷ್ಟೇ ಹಾನಿ, ಹಾಗಾಗಿ ಕಡೇಪಕ್ಷ ಎರಡು ಅಂಗಿ ಇಟ್ಟುಕೊಂಡು, ಒಗೆದದ್ದನ್ನು ಇಸ್ತ್ರಿ ಮಾಡಿ ಪೂರ್ತಿ ಒಣಗಿಸಿಯೇ ತೊಡಿಸಿ. ಅಂಗಿ ತೊಟ್ಟ ಬೆಕ್ಕನ್ನು ಹೊರಗೆ ಬಿಡಬೇಡಿ; ಬೇಲಿಗೋ ಕಿಟಕಿಯ ಸರಳಿಗೋ ಬಟ್ಟೆ ಸಿಕ್ಕಿಕೊಂಡರೆ ನೇತಾಡಬೇಕಾಗುತ್ತದೆ. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಅವು ಬಂದು ಗಾಯ ನೆಕ್ಕುವುದೂ ಉಂಟು, ಅವುಗಳನ್ನು ಬೇರೆ ಕೋಣೆಯಲ್ಲಿಡಿ.

ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಡೆಟ್ಟಾಲ್ ಬೆಕ್ಕಿಗೆ ವಿಷ. ನೋವಿಗೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಟ್ಟರೆ, ಒಂದೇ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಪ್ರಶ್ನೆ: ಗಂಡು ಬೆಕ್ಕಿಗೆ ಬೀಜ ತೆಗೆಸಿದ ಮೇಲೂ ಇಂಥದೇ ಅಂಗಿ ಬೇಕೆ? – ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡ. ಗಾಯ ಬಾಲದ ಕೆಳಗೆ ಇರುವುದರಿಂದ ಅಂಗಿ ಅದನ್ನು ಮುಚ್ಚುವುದಿಲ್ಲ. ಮುಚ್ಚುವಂತೆ ಹೊಲಿದರೆ ಮೂತ್ರದಿಂದ ತೊಯ್ದುಹೋಗುತ್ತದೆ. ಅಲ್ಲಿ ಹೆಚ್ಚಾಗಿ ಚರ್ಮಕ್ಕೆ ಹೊಲಿಗೆಯನ್ನೇ ಹಾಕಿರುವುದಿಲ್ಲ, ಸಣ್ಣ ಗಾಯ ತಾನಾಗಿ ಕೂಡಿಕೊಳ್ಳುತ್ತದೆ. ಬಿಡದೆ ನೆಕ್ಕುತ್ತಿದ್ದರೆ ಮಾತ್ರ ಕೆಲವು ದಿನ ಕೋನ್ ಹಾಕಿ. ಮಲಮೂತ್ರದ ಟ್ರೇಯಲ್ಲಿ ಮರಳಿನ ಬದಲು ಹರಿದ ಕಾಗದದ ಚೂರುಗಳನ್ನು ಹಾಕಿದರೆ ಗಾಯಕ್ಕೆ ಹರಳು ಮೆತ್ತಿಕೊಳ್ಳುವುದಿಲ್ಲ. ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಮುಕ್ಕರಿದು ಮೂತ್ರವಾಗದೆ ಬರುತ್ತಿದ್ದರೆ ಬೆಳಗಾಗಲೆಂದು ಕಾಯದೆ ವೈದ್ಯರ ಬಳಿ ಒಯ್ಯಿರಿ. ಇನ್ನೊಂದು ಮಾತು: ಆಪರೇಷನ್ ಆದ ಕೆಲವು ವಾರಗಳವರೆಗೂ ಗಂಡು ಬೆಕ್ಕಿನಿಂದ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ, ಅಲ್ಲಿಯವರೆಗೆ ಅದನ್ನು ಹೆಣ್ಣು ಬೆಕ್ಕುಗಳಿಂದ ದೂರವಿಡಿ.