ಟೇಕ್ವಾಂಡೊ ನಿಜವಾದ ಹೊಡೆದಾಟದಲ್ಲಿ ಕೆಲಸಕ್ಕೆ ಬರುತ್ತದೆಯೇ, ಇಲ್ಲ ಬರೀ ನೋಡಲು ಚೆಂದವೇ?

ನಿಮ್ಮ ಮಗಳು ಮುಂದಿನ ವರ್ಷದಿಂದ ಕಾಲೇಜಿಗೆಂದು ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡಬೇಕು. ಅಷ್ಟರೊಳಗೆ ಒದೆತಕ್ಕೆ ಹೆಸರಾದ ಕೊರಿಯಾದ ಕಾಳಗ ವಿದ್ಯೆ ಟೇಕ್ವಾಂಡೊಗೆ ಸೇರಿಸಿದರೆ ಆತ್ಮರಕ್ಷಣೆಗೆ ಒದಗುತ್ತದೆಯೇ, ಅಥವಾ ಅದು ಗಾಳಿಯಲ್ಲಿ ಕಾಲು ಬೀಸುವ ಪ್ರದರ್ಶನವೇ ಎಂದು ಕೇಳಿದ್ದೀರಿ. ನಾನು ತುಮಕೂರಿನಲ್ಲೇ ಸಂಜೆ ಹೊತ್ತು ಮಕ್ಕಳಿಗೆ ಟೇಕ್ವಾಂಡೊ ಹೇಳಿಕೊಡುತ್ತೇನೆ. ಹಗಲು ಬೇರೆ ನೌಕರಿ ಇದೆ. ನಿಮ್ಮ ಮಗಳು ಯಾವ ತರಗತಿಗೆ ಸೇರಿದರೂ, ಸೇರದಿದ್ದರೂ ನನ್ನ ಮನೆಯ ಒಲೆ ಉರಿಯುತ್ತದೆ. ಆದ್ದರಿಂದ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ.

ಬೆಳಗಿನ ರೈಲಿನ ಬೋಗಿಯೊಳಗೆ ಟೇಕ್ವಾಂಡೊದ ಮುಕ್ಕಾಲು ಪಾಲು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಕಾಲೂರಲು ಜಾಗ ಸಿಕ್ಕರೆ ಪುಣ್ಯ, ಕಾಲೆತ್ತುವ ಮಾತು ಎಲ್ಲಿಂದ ಬಂತು. ಉಳಿದ ಕಾಲು ಪಾಲು ಮಾತ್ರ ಚಿನ್ನ. ತೊಂದರೆ ಏನೆಂದರೆ, ಆ ಕಾಲು ಪಾಲನ್ನು ಎಲ್ಲ ಕಡೆ ಕಲಿಸುವುದಿಲ್ಲ.

ಹೀಗೇಕೆ ಎಂದು ತಿಳಿಯಬೇಕಾದರೆ ಒಲಿಂಪಿಕ್ಸ್ ಮಾದರಿಯ ಸ್ಪರ್ಧೆಯ ಅಂಕಪಟ್ಟಿಯನ್ನು ನೋಡಬೇಕು. ಎದುರಾಳಿಯ ಎದೆಗವಚಕ್ಕೆ ಗುದ್ದಿದರೆ 1 ಅಂಕ, ಒದ್ದರೆ 2. ತಲೆಗೆ ಒದ್ದರೆ 3. ಮೈ ತಿರುಗಿಸಿ ಒದ್ದರೆ ಎದೆಗೆ 4, ತಲೆಗೆ 5. ಮುಖಕ್ಕೆ ಕೈಯಿಂದ ಹೊಡೆಯುವಂತಿಲ್ಲ. ಸೊಂಟದ ಕೆಳಗೆ ಒದೆಯುವಂತಿಲ್ಲ. ಹಿಡಿಯುವಂತಿಲ್ಲ. ನೆಲಕ್ಕೆ ಬಿದ್ದರೆ ದಂಡ, ಬಿದ್ದವರಿಗೆ ಹೊಡೆದರೂ ದಂಡ, ಒಂದೊಂದು ದಂಡಕ್ಕೂ ಎದುರಾಳಿಗೆ 1 ಅಂಕ. ಎರಡು ನಿಮಿಷದ ಸುತ್ತು, ಅಂಥ ಸುತ್ತುಗಳು ಹೆಚ್ಚೆಂದರೆ ಮೂರು.

ಈ ಲೆಕ್ಕದಲ್ಲಿ ಬೆಳೆಯುವ ಬುದ್ಧಿವಂತ ಮಗು ಏನು ಕಲಿಯುತ್ತದೆ ಹೇಳಿ. ಮುಖಕ್ಕೆ ಗುದ್ದು ಬರುವುದೇ ಇಲ್ಲವಾದ್ದರಿಂದ ಕೈಗಳನ್ನು ಮುಖದ ಮುಂದೆ ಹಿಡಿಯುವ ಅಗತ್ಯವಿಲ್ಲ ಎಂದು ಕಲಿಯುತ್ತದೆ. ಕೈ ಸೊಂಟದ ಬಳಿ ಜೋತಾಡುತ್ತಿರುತ್ತದೆ. ಯಾರೂ ಹಿಡಿಯುವುದಿಲ್ಲವಾದ್ದರಿಂದ ಹಿಡಿತ ಬಿಡಿಸಿಕೊಳ್ಳುವುದನ್ನು ಕಲಿಯುವುದೇ ಇಲ್ಲ. ಬೆನ್ನು ತಿರುಗಿಸಿ ಒದ್ದರೆ ಅಂಕ ಹೆಚ್ಚು, ಹಾಗಾಗಿ ಎದುರಾಳಿಗೆ ಬೆನ್ನು ಕೊಡುವುದು ಅಭ್ಯಾಸವಾಗುತ್ತದೆ. ಮೆದುಳಿಗೆ ಇದು ಆಟ, ಅದು ಬೀದಿ ಎಂಬ ಭೇದ ಗೊತ್ತಿರಬಹುದು. ಹೆದರಿದ ದೇಹಕ್ಕೆ ಗೊತ್ತಿರುವುದಿಲ್ಲ. ಅದು ಸಾವಿರ ಸಲ ಮಾಡಿದ್ದನ್ನೇ ಮಾಡುತ್ತದೆ.

ಕವಚದೊಳಗೆ ವಿದ್ಯುನ್ಮಾನ ಸಂವೇದಕ ಬಂದ ಮೇಲೆ ಒದೆಯುವ ರೀತಿಯೇ ಬದಲಾಯಿತು. ಹಿಂದೆ ತೀರ್ಪುಗಾರರು ಕಣ್ಣಿನಿಂದ ನೋಡಿ, ಧಡ್ ಎಂಬ ಸದ್ದು ಕೇಳಿ ಗುಂಡಿ ಒತ್ತುತ್ತಿದ್ದರು. ಅಂಕ ಬೇಕಾದವರು ಸೊಂಟವನ್ನೆಲ್ಲ ಹಾಕಿ ಒದೆಯಬೇಕಿತ್ತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎದೆಗವಚಕ್ಕೆ, 2016ರ ರಿಯೊದಲ್ಲಿ ಶಿರಸ್ತ್ರಾಣಕ್ಕೂ ಸಂವೇದಕ ಬಂತು. ಆಮೇಲೆ ಮುಂಗಾಲನ್ನು ಎತ್ತಿಕೊಂಡೇ ಕುಪ್ಪಳಿಸುತ್ತ, ಅಂಗಾಲಿನಿಂದ ತಡವುತ್ತ ಅಂಕ ಕದಿಯುವ ಆಟ ಹೆಚ್ಚಾಯಿತು. ಹಳಬರು ಇದನ್ನು ಕಾಲಿನ ಕತ್ತಿವರಸೆ ಎಂದು ಗೊಣಗುತ್ತಾರೆ. ನನಗೂ ಅದು ಅಷ್ಟಾಗಿ ಸೇರುವುದಿಲ್ಲ. ಆದರೆ ಆ ಮಕ್ಕಳ ಚುರುಕು ನೋಡಿದರೆ ಬೈಯಲು ಬಾಯಿ ಬರುವುದಿಲ್ಲ.

ಟೇಕ್ವಾಂಡೊ ಹುಟ್ಟಿದಾಗಲೇ ಹೀಗಿರಲಿಲ್ಲ. 1940ರ ದಶಕದಲ್ಲಿ ಕೊರಿಯಾದ ಸೋಲ್ ನಗರದಲ್ಲಿ ತೆರೆದುಕೊಂಡ ಶಾಲೆಗಳ ಹಲವು ಗುರುಗಳು ಜಪಾನಿನಲ್ಲಿ ಕರಾಟೆ ಕಲಿತು ಬಂದವರು. 1955ರಲ್ಲಿ ಈ ಹೆಸರನ್ನು ಮುಂದಿಟ್ಟ ಚೋಯ್ ಹಾಂಗ್ ಹಿ ಸೇನೆಯ ಜನರಲ್. ಸೈನಿಕರಿಗೆ ಕಲಿಸುತ್ತಿದ್ದ ವಿದ್ಯೆಯಲ್ಲಿ ಕೈಗೂ ದೊಡ್ಡ ಪಾಲು ಇತ್ತು. 1972ರಲ್ಲಿ ಟೇಕ್ವಾಂಡೊದ ಮುಖ್ಯ ಕೇಂದ್ರವಾದ ಕುಕ್ಕಿವಾನ್, ಮರುವರ್ಷ ವಿಶ್ವ ಒಕ್ಕೂಟ ಸ್ಥಾಪನೆಯಾದವು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿ, 2000ದ ಸಿಡ್ನಿಯಲ್ಲಿ ಪದಕದ ಕ್ರೀಡೆಯಾಗಿ ಕಾಲಿಟ್ಟಿತು. ಒಲಿಂಪಿಕ್ಸ್‌ಗೆ ಹೋಗಬೇಕಾದರೆ ನೋಡುವವರಿಗೆ ಅರ್ಥವಾಗಬೇಕು, ಬಾಕ್ಸಿಂಗ್‌ಗಿಂತ ಬೇರೆಯಾಗಿ ಕಾಣಬೇಕು, ಆಡುವವರಿಗೆ ಹೆಚ್ಚು ಪೆಟ್ಟಾಗಬಾರದು. ಕಾಲುಗಳು ಗೆದ್ದವು, ಕೈಗಳು ಮಲಗಿದವು. ಚೋಯ್ ಅವರು 1966ರಲ್ಲಿ ಕಟ್ಟಿದ ಐಟಿಎಫ್ (ಅಂತರರಾಷ್ಟ್ರೀಯ ಟೇಕ್ವಾಂಡೊ ಒಕ್ಕೂಟ) ಪಂಥದಲ್ಲಿ ಇಂದಿಗೂ ಮುಖಕ್ಕೆ ಹಗುರವಾಗಿ ಗುದ್ದುವ ಅವಕಾಶವಿದೆ. ನೀವು ವಿಚಾರಿಸುವ ತರಗತಿ ಯಾವ ಪಂಥದ್ದು ಎಂದು ಕೇಳುವುದು ಒಳ್ಳೆಯದು.

ಇಲ್ಲಿಯವರೆಗೆ ಓದಿ ‘ಹಾಗಾದರೆ ಬೇಡ’ ಎಂದು ನಿರ್ಧರಿಸಬೇಡಿ.

ಟೇಕ್ವಾಂಡೊ ಒದೆತದಲ್ಲಿ ಶಕ್ತಿ ಇಲ್ಲ ಎನ್ನುವವರು ಒಂದು ಸಲ ಎದೆಗವಚ ತೊಟ್ಟು ಎದುರು ನಿಲ್ಲಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕ್ಯೂಬಾದ ಏಂಜೆಲ್ ಮಾಟೋಸ್ ತನ್ನನ್ನು ಅನರ್ಹಗೊಳಿಸಿದ ರೆಫರಿಯ ಮುಖಕ್ಕೇ ಒದ್ದು ಆಜೀವ ನಿಷೇಧ ತಂದುಕೊಂಡ. ನಾಚಿಕೆಗೇಡಿನ ಕೆಲಸವೇ ಸರಿ, ಆದರೆ ಅದು ಕುಣಿತವಾಗಿರಲಿಲ್ಲ ಎಂಬುದನ್ನು ಆ ರೆಫರಿ ಒಪ್ಪಿಯಾರು. ಗುದ್ದು, ಒದೆತ, ಕುಸ್ತಿ ಎಲ್ಲವೂ ನಡೆಯುವ ಪಂಜರದೊಳಗಿನ ಮಿಶ್ರ ಕಾಳಗದಲ್ಲಿ (ಎಂಎಂಎ) 2010ರಲ್ಲಿ ಆಂಟನಿ ಪೆಟಿಸ್ ಬಲೆಯ ಗೋಡೆಗೆ ಕಾಲೂರಿ ಜಿಗಿದು ಬೆನ್ ಹೆಂಡರ್ಸನ್‌ಗೆ ಒದ್ದ ಒದೆತದ ವಿಡಿಯೊ ನಿಮ್ಮ ಮಗಳು ನೋಡಿರಬಹುದು. ಹೊಡೆದವನೂ ಹೊಡೆಸಿಕೊಂಡವನೂ ಟೇಕ್ವಾಂಡೊದ ಕಪ್ಪು ಬೆಲ್ಟ್ ಪಡೆದವರೇ. ಆದರೆ ಇಬ್ಬರೂ ನೆಲದ ಮೇಲೆ ಹೊರಳಾಡುವ ವಿದ್ಯೆಯನ್ನೂ ಕಲಿತೇ ಅಲ್ಲಿಗೆ ಬಂದವರು. ಅದೇ ಬಗೆಯ ಕಾಳಗದ ಯುಎಫ್‌ಸಿ ಎಂಬ ಸರಣಿಯ ಮೊದಲ ಪಂದ್ಯಾವಳಿಯಲ್ಲಿ, 1993ರಲ್ಲಿ, ಟೇಕ್ವಾಂಡೊ ಹೆಸರಿನಲ್ಲಿ ಬಂದಿದ್ದ ಪ್ಯಾಟ್ರಿಕ್ ಸ್ಮಿತ್‌ನ ಹಿಮ್ಮಡಿಯನ್ನು ಕೆನ್ ಶ್ಯಾಮ್‌ರಾಕ್ ತಿರುಚಿದ. ಅಲ್ಲಿಗೆ ಆಟ ಮುಗಿಯಿತು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಸೀಮೆಯಲ್ಲಿ ಗರಡಿಯ ಮಣ್ಣಿನಲ್ಲಿ ಹೊರಳಿದವರು ಇನ್ನೂ ಇದ್ದಾರೆ. ಅಂಥವರು ಕುತ್ತಿಗೆಗೆ ಒಂದು ಕೈ ಹಾಕಿ, ಹಣೆಗೆ ಹಣೆ ಒತ್ತಿ ನಿಂತರೆ ನನ್ನ ಚೆಂದದ ಒದೆತಗಳೆಲ್ಲ ಉಪ್ಪಿನಕಾಯಿಗೂ ಬಾರವು. ಒದೆಯಲು ಒಂದು ಮಾರು ಜಾಗ ಬೇಕು. ಕುಸ್ತಿಯವರು ಆ ಜಾಗ ಕೊಡುವುದಿಲ್ಲ. ನೆಟ್ಟಗೆ ಹೇಳಬೇಕೆಂದರೆ ಹತ್ತಿರದ ಹಿಡಿತಕ್ಕೆ ಉತ್ತರ ಕುಸ್ತಿಯಲ್ಲಿದೆ, ಜೂಡೊದಲ್ಲಿದೆ. ಸ್ಪರ್ಧೆಯ ಟೇಕ್ವಾಂಡೊದಲ್ಲಿ ಇಲ್ಲ.

ಹಾಗಾದರೆ ಚಿನ್ನ ಎಂದೆನಲ್ಲ, ಅದು ಯಾವುದು?

ಮೊದಲನೆಯದು, ಪೆಟ್ಟು ತಿನ್ನುವ ಅಭ್ಯಾಸ. ಹೊಸದಾಗಿ ಬಂದ ಮಗುವಿಗೆ ಕವಚ ಕಟ್ಟಿ ಎದುರು ನಿಲ್ಲಿಸಿದಾಗ, ಒದೆತ ಬರುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಭುಜ ಕಿವಿಯ ತನಕ ಏರುತ್ತದೆ, ಉಸಿರು ನಿಲ್ಲುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಅದೇ ಮಗು ಕಣ್ಣು ಬಿಟ್ಟುಕೊಂಡೇ ಅರ್ಧ ಹೆಜ್ಜೆ ಹಿಂದೆ ಸರಿದು, ಎದುರಿನವರ ಕಾಲು ಕೆಳಗಿಳಿಯುವ ಮೊದಲೇ ಮುನ್ನುಗ್ಗುತ್ತದೆ. ಬೀದಿಯಲ್ಲಿ ಅನೇಕರನ್ನು ಕೆಡಿಸುವುದು ಮೊದಲ ಪೆಟ್ಟಿನ ನೋವಿಗಿಂತ ಹೆಚ್ಚಾಗಿ ಅದರ ದಿಗ್ಭ್ರಮೆ. ಆ ದಿಗ್ಭ್ರಮೆಯನ್ನು ಕಳೆಯಲು ನಿಜವಾಗಿ ಒದೆಯುವ ಇನ್ನೊಬ್ಬ ಮನುಷ್ಯ ಬೇಕು. ಕನ್ನಡಿಯ ಮುಂದೆ ನಿಂತು ವರಸೆ ಹಾಕಿದರೆ ಸಿಗುವುದಿಲ್ಲ. ಟೇಕ್ವಾಂಡೊ ಕ್ರೀಡೆಯಾದದ್ದರ ಲಾಭ ಇದೇ: ಕವಚ ಇರುವುದರಿಂದ ವಾರವಿಡೀ ಪೂರ್ತಿ ಬಲದಿಂದ ಅಭ್ಯಾಸ ಮಾಡಬಹುದು. ‘ನಮ್ಮದು ಪ್ರಾಣ ತೆಗೆಯುವ ವಿದ್ಯೆ, ಆದ್ದರಿಂದ ಸ್ಪರ್ಧೆ ಇಡುವುದಿಲ್ಲ’ ಎನ್ನುವ ಕಡೆಗಳಿಗಿಂತ ಈ ‘ಬರೀ ಆಟ’ದ ಮಕ್ಕಳು ಗಟ್ಟಿಯಾಗಿರುವುದನ್ನು ಕಂಡಿದ್ದೇನೆ.

ಎರಡನೆಯದು, ಅಂತರದ ಅಂದಾಜು. ಎದುರಿನವರ ಕೈ ಎಲ್ಲಿಯವರೆಗೆ ಬರುತ್ತದೆ, ತಾನು ಎಷ್ಟು ಸರಿದರೆ ಸಾಕು ಎಂಬುದು ಲೆಕ್ಕ ಹಾಕದೆಯೇ ಗೊತ್ತಾಗುತ್ತದೆ. ಶಿರಾ ಗೇಟಿನ ಕಡೆ ಸಂಜೆ ನಡೆದು ಬರುವಾಗ ಯಾರೋ ಮೈಮೇಲೆ ಬರುವಂತೆ ನಡೆದರೆ, ಪಕ್ಕಕ್ಕೆ ಎರಡು ಹೆಜ್ಜೆ ಸರಿದು ಅಂಗಡಿಯ ಬೆಳಕಿಗೆ ಹೋಗಿ ನಿಲ್ಲುವುದೂ ಅದೇ ವಿದ್ಯೆ.

ಮೂರನೆಯದು ಯಾರೂ ಹೇಳದೇ ಇರುವುದು: ಕೂಗು. ಪ್ರತಿ ಹೊಡೆತಕ್ಕೂ ಹೊಟ್ಟೆಯಾಳದಿಂದ ಕೂಗಬೇಕು. ಕೊರಿಯನ್ನರು ಅದನ್ನು ಕಿಹಾಪ್ ಎನ್ನುತ್ತಾರೆ. ನನ್ನ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಹಲವರಿಗೆ ಒದೆಯುವುದು ಬೇಗ ಬರುತ್ತದೆ, ಕೂಗು ಬರುವುದಿಲ್ಲ. ಬಾಯಿ ತೆರೆಯುತ್ತಾರೆ, ಇಲಿಮರಿಯ ಸದ್ದು ಬರುತ್ತದೆ, ಪಕ್ಕದವಳ ಮುಖ ನೋಡಿ ನಗುತ್ತಾರೆ. ಮೆಲ್ಲಗೆ ಮಾತಾಡು, ಬೀದಿಗೆ ಕೇಳಿಸುತ್ತದೆ ಎಂದು ಬೆಳೆಸಿದ್ದರ ಫಲ. ತಿಂಗಳುಗಟ್ಟಲೆ ಗಂಟಲಿನ ಬೀಗ ಬಿಚ್ಚುವುದೇ ನನಗೆ ದೊಡ್ಡ ಕೆಲಸ. ಆದರೆ ಒಮ್ಮೆ ಬಿಚ್ಚಿತೋ, ರೈಲಿನ ಬೋಗಿಯಲ್ಲಿ, ತುಂಬಿದ ಬಸ್ಸಿನಲ್ಲಿ ಅದಕ್ಕಿಂತ ದೊಡ್ಡ ಆಯುಧ ಇನ್ನೊಂದಿಲ್ಲ. ಸೊಂಟಕ್ಕೆ ಕೈ ತಾಗಿಸುವವರು ನೆಚ್ಚಿಕೊಂಡಿರುವುದು ಅವಳ ಮೌನವನ್ನೇ. ‘ಕೈ ತೆಗೆಯಿರಿ’ ಎಂದು ಇಡೀ ಬೋಗಿ ತಿರುಗಿ ನೋಡುವಂತೆ ಕೂಗಿದರೆ ಆ ನೆಚ್ಚಿಕೆ ಮುರಿಯುತ್ತದೆ.

ಇನ್ನು ಒದೆತದ ವಿಷಯಕ್ಕೆ ಬರೋಣ. ನಮ್ಮಲ್ಲಿ ಆಗಾಗ ದೊಡ್ಡ ಮಕ್ಕಳಿಗೆ ಜೀನ್ಸ್ ಅಥವಾ ಚೂಡಿದಾರ್ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬೆನ್ನಿಗೆ ಪುಸ್ತಕದ ಚೀಲ ಏರಿಸಿಕೊಂಡು ಬರಲು ಹೇಳುತ್ತೇನೆ. ಮ್ಯಾಟ್ ಬಿಟ್ಟು ಸಿಮೆಂಟಿನ ಮೊಗಸಾಲೆಯಲ್ಲಿ ಅಭ್ಯಾಸ. ದೊಲ್ಯೊ ಚಾಗಿ, ಅಂದರೆ ಸುತ್ತಿ ಬರುವ ಒದೆತಕ್ಕೆ ಊರಿದ ಪಾದ ಹಿಮ್ಮಡಿ ಎದುರಿಗೆ ಬರುವಷ್ಟು ತಿರುಗಬೇಕು. ಮ್ಯಾಟಿನ ಮೇಲೆ ಬರಿಗಾಲು ಸಲೀಸಾಗಿ ತಿರುಗುತ್ತದೆ. ಒರಟು ಸಿಮೆಂಟಿನ ಮೇಲೆ ರಬ್ಬರ್ ಅಟ್ಟೆ ಕಚ್ಚಿಕೊಳ್ಳುತ್ತದೆ. ಮೈ ತಿರುಗಿತು, ಪಾದ ತಿರುಗಲಿಲ್ಲ, ನಡುವೆ ಸಿಕ್ಕಿದ್ದು ಮಂಡಿ. ಅದಕ್ಕೆಂದೇ ನಿಧಾನವಾಗಿ ಮಾಡಿಸುತ್ತೇನೆ. ಜೀನ್ಸ್ ತೊಡೆಯನ್ನು ಹಿಡಿದೆಳೆಯುತ್ತದೆ, ಚೀಲ ಹಿಂದಕ್ಕೆ ಜಗ್ಗುತ್ತದೆ, ಎದೆಯ ಎತ್ತರಕ್ಕೆ ಹೋಗುತ್ತಿದ್ದ ಕಾಲು ಮೊಣಕಾಲಿನ ಎತ್ತರಕ್ಕೆ ನಿಲ್ಲುತ್ತದೆ. ಕೆಲವರ ಮುಖ ಪೆಚ್ಚಾಗುತ್ತದೆ.

ಆಗ ಹೇಳುತ್ತೇನೆ, ಮೊಣಕಾಲಿನ ಎತ್ತರ ಸಾಕಲ್ಲ! ಮುಂದಕ್ಕೆ ನೆಟ್ಟಗೆ ಹೋಗುವ ಆಪ್ ಚಾಗಿಯನ್ನೇ ತಗ್ಗಿಸಿ, ಚಪ್ಪಲಿಯ ಅಂಚಿನಿಂದ ಮೊಣಕಾಲ ಚಿಪ್ಪಿಗೋ ಕಣಕಾಲಿಗೋ ಒದ್ದರೆ ಎಂಥ ದಾಂಡಿಗನೂ ಬಗ್ಗುತ್ತಾನೆ. ಸ್ಪರ್ಧೆಯಲ್ಲಿ ಇದು ಅಪರಾಧ, ಬೀದಿಯಲ್ಲಿ ಇದೇ ಮೊದಲ ಪಾಠ. ಹೊಟ್ಟೆಗೆ ಪಾದವಿಟ್ಟು ತಳ್ಳುವ ಒದೆತ, ಅಂಗೈ ಬುಡದಿಂದ ಮೂಗಿಗೆ ಏರುಗುದ್ದು, ಹಿಡಿದ ಕೈಯ ಹೆಬ್ಬೆರಳಿನ ಕಡೆಗೆ ಮಣಿಕಟ್ಟು ತಿರುಗಿಸಿ ಕಿತ್ತುಕೊಳ್ಳುವುದು, ಆಮೇಲೆ ಓಟ. ಹೋಸಿನ್ಸುಲ್ ಎಂಬ ಹೆಸರಿನಲ್ಲಿ ಇಂಥ ಬಿಡಿಸಿಕೊಳ್ಳುವ ಪಟ್ಟುಗಳು ಟೇಕ್ವಾಂಡೊ ಪಾಠದಲ್ಲೇ ಇವೆ. ಪದಕದ ಹಿಂದೆ ಬಿದ್ದ ತರಗತಿಗಳು ಅದನ್ನು ಬೆಲ್ಟ್ ಪರೀಕ್ಷೆಯ ಹಿಂದಿನ ವಾರ ತೆಗೆದು ಧೂಳು ಕೊಡವುತ್ತವೆ, ಅಷ್ಟೆ.

ಶಾಲಾ ವಾರ್ಷಿಕೋತ್ಸವಗಳಲ್ಲಿ ಮಂಗಳೂರು ಹೆಂಚು ಒಡೆಯುವುದನ್ನು ನೋಡಿ ಮರುಳಾಗಬೇಡಿ. ಸಾಲಾಗಿ ಪೇರಿಸಿದ ಹೆಂಚುಗಳ ನಡುವೆ ಸಂದು ಬಿಟ್ಟಿದ್ದರೆ, ಮೇಲಿನದು ಮುರಿದು ಕೆಳಗಿನದರ ಮೇಲೆ ಬಿದ್ದು ತಾನೂ ಕೆಲಸ ಮಾಡುತ್ತದೆ. ಹಲಗೆಯಾದರೆ ಎಳೆಯ ಗುಂಟ ಸೀಳುವಂತೆ ಹಿಡಿದಿರುತ್ತಾರೆ. ಮಕ್ಕಳಿಗೆ ಧೈರ್ಯ ಬರಲಿ ಎಂದು ನಾನೂ ಮಾಡಿಸುತ್ತೇನೆ. ಹೆಂಚು ತಿರುಗಿ ಹೊಡೆಯುವುದಿಲ್ಲ ಎಂದೂ ಹೇಳಿಯೇ ಮಾಡಿಸುತ್ತೇನೆ.

ಕಾನೂನಿನದ್ದು ಒಂದು ಮಾತು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ಆದರೆ ರಕ್ಷಣೆಗೆ ಬೇಕಾದಷ್ಟಕ್ಕೆ ಮಾತ್ರ. ಬಿದ್ದವರ ಮೇಲೆ ಸಿಟ್ಟು ತೀರಿಸಿಕೊಂಡರೆ ಅದು ರಕ್ಷಣೆ ಎನಿಸುವುದಿಲ್ಲ. ಬಿಡಿಸಿಕೊಂಡ ಕೂಡಲೇ ಓಡಿ, 112ಕ್ಕೆ ಕರೆ ಮಾಡುವುದನ್ನು ಒದೆತದಷ್ಟೇ ಗಂಭೀರವಾಗಿ ಕಲಿಸಬೇಕು.

ಇಷ್ಟೆಲ್ಲ ಆದ ಮೇಲೂ ಸೇರಿಸುವ ಮನಸ್ಸಿದ್ದರೆ, ಫೀಸು ಕಟ್ಟುವ ಮೊದಲು ಒಂದು ಸಂಜೆ ಸುಮ್ಮನೆ ಹೋಗಿ ಮೂಲೆಯಲ್ಲಿ ಕುಳಿತು ನೋಡಿ. ಗೋಡೆಯ ಮೇಲಿನ ಫೋಟೊ, ಕಪಾಟಿನ ಟ್ರೋಫಿ ಬಿಡಿ. ಮಕ್ಕಳು ಒಬ್ಬರಿಗೊಬ್ಬರು ನಿಜವಾಗಿ ಎದುರಾಗುತ್ತಿದ್ದಾರೆಯೇ, ಇಲ್ಲ ಸಾಲಾಗಿ ನಿಂತು ಗಾಳಿಗೆ ಒದೆಯುತ್ತ ಗಂಟೆ ಕಳೆಯುತ್ತಿದ್ದಾರೆಯೇ ನೋಡಿ. ಮೂರು ತಿಂಗಳಿಗೊಮ್ಮೆ ಬಂದವರಿಗೆಲ್ಲ ಹೊಸ ಬಣ್ಣದ ಬೆಲ್ಟ್ ಕಟ್ಟಿ, ಅದಕ್ಕೊಂದು ಪರೀಕ್ಷಾ ಶುಲ್ಕ ಕೀಳುವ ಜಾಗವಾದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಹಿಡಿದರೆ ಬಿಡಿಸಿಕೊಳ್ಳುವುದನ್ನು ಯಾವ ದಿನ ಕಲಿಸುತ್ತೀರಿ ಎಂದು ಕೇಳಿ. ‘ಕಪ್ಪು ಬೆಲ್ಟ್ ಬಂದ ಮೇಲೆ’ ಎಂಬ ಉತ್ತರ ಬಂದರೆ ನಿಮ್ಮ ಮಗಳಿಗೆ ಅಷ್ಟು ಸಮಯವಿಲ್ಲ. ಕ್ರೀಡಾ ಕೋಟಾದ ಆಸೆಯೂ ಇದ್ದರೆ ಅವರ ಪ್ರಮಾಣಪತ್ರ ಎಲ್ಲಿ ನಡೆಯುತ್ತದೆ ಎಂದು ಮೊದಲೇ ಖಚಿತ ಮಾಡಿಕೊಳ್ಳಿ; ಟೇಕ್ವಾಂಡೊ ಸಂಘಗಳ ನಡುವಿನ ಮಾನ್ಯತೆಯ ಜಗಳ ನಮ್ಮ ದೇಶದಲ್ಲಿ ಹಳೆಯದು.

ಸಮವಸ್ತ್ರ, ಎದೆಗವಚ, ಶಿರಸ್ತ್ರಾಣ ಎಲ್ಲವನ್ನೂ ಮೊದಲ ದಿನವೇ ಕೊಳ್ಳಿರಿ ಎಂದರೆ ಕೊಳ್ಳಬೇಡಿ. ಮೊದಲ ತಿಂಗಳು ಟ್ರ್ಯಾಕ್ ಪ್ಯಾಂಟಿನಲ್ಲೇ ಕಳಿಸಿ. ಕವಚ ತರಗತಿಯಲ್ಲೇ ಇರುತ್ತದೆ. ಹಲ್ಲಿನ ರಕ್ಷಕ ಒಂದನ್ನು ಮಾತ್ರ ಸ್ವಂತದ್ದೇ ತೆಗೆದುಕೊಡಿ, ಅದನ್ನು ಹಂಚಿಕೊಳ್ಳಲಾಗುವುದಿಲ್ಲ.