ಅನ್ನಾ ಸೇಬಿಗೆ 8 ಅಡಿ ಅಂತರ ಸಾಕಾ?

ಚಿಕ್ಕಬಳ್ಳಾಪುರದ ಹತ್ತಿರ ಒಂದು ಎಕರೆಗೆ ಅನ್ನಾ ತಳಿಯ ಸೇಬು ಹಾಕಬೇಕು, 8 ಅಡಿಗೊಂದು ಗಿಡ ಇಟ್ಟರೆ ನಡೆಯುತ್ತದಾ ಅಂತ ಕೇಳಿದ್ದೀರಿ. ಬೇಡ. ಆ ತಪ್ಪು ನಾನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

8 ಅಡಿ ಲೆಕ್ಕದಲ್ಲಿ ಎಕರೆಗೆ 680 ಗಿಡ ಹಿಡಿಯುತ್ತದೆ, ಸಸಿ ಮಾರುವವರಿಗೆ ಅದು ಚೆನ್ನ. ನನಗೂ ಮೊದಲ ಎರಡು ವರ್ಷ ತೋಟ ನೋಡೋಕೆ ಚಂದ ಅನ್ನಿಸಿತ್ತು. ನಾಲ್ಕನೇ ವರ್ಷಕ್ಕೆ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡವು, ಟಿಲ್ಲರ್ ಒಳಗೆ ಹೋಗಲ್ಲ, ಕೆಳಗಿನ ಕೊಂಬೆಗಳಿಗೆ ಬಿಸಿಲಿಲ್ಲದೆ ಹೂವೇ ಇಲ್ಲ, ಮಳೆಗಾಲದಲ್ಲಿ ಎಲೆ ಒಣಗದೆ ಚುಕ್ಕಿ ರೋಗ ಬೇರೆ. ಕೊನೆಗೆ ಸಾಲು ಬಿಟ್ಟು ಸಾಲು ಕಡಿಸಿದೆ. ಹಣ್ಣು ಬಿಡೋ ಗಿಡಕ್ಕೆ ಮಚ್ಚು ಹಾಕಿಸೋದು ಎಷ್ಟು ಸಂಕಟ ಗೊತ್ತಾ?

ಅಂತರ ಹೇಳೋದು ಮೇಲಿನ ತಳಿ ಅಲ್ಲ, ಕಸಿಯ ಕೆಳಗಿರೋ ಬೇರು. ಅದೇ ಅನ್ನಾವನ್ನು ಯಾವ ರೂಟ್‌ಸ್ಟಾಕ್ (ಕಸಿಗೆ ಬೇರು ಕೊಡೋ ಕೆಳಗಿನ ಗಿಡ) ಮೇಲೆ ಕಟ್ಟಿದ್ದಾರೆ ಅನ್ನೋದರ ಮೇಲೆ ಮರದ ಗಾತ್ರ ನಿಲ್ಲುತ್ತದೆ. ಬೀಜದಿಂದ ಬೆಳೆಸಿದ ಬೇರಾದರೆ ಮರ ದೊಡ್ಡದು, ಹಿಮಾಚಲದ ಹಳೇ ತೋಟಗಳಲ್ಲಿ 20–25 ಅಡಿ ಬಿಡುತ್ತಿದ್ದುದು ಅದಕ್ಕೇ. ಎಂ 9 ಅನ್ನೋದು ಮರವನ್ನು ಗಿಡ್ಡವಾಗಿಡೋ ರೂಟ್‌ಸ್ಟಾಕ್, 3–4 ಅಡಿಗೊಂದು ಇಡಬಹುದು, ಆದರೆ ಅದು ಮರವನ್ನು ತಾನೇ ಹಿಡಿದು ನಿಲ್ಲಿಸಲ್ಲ. ಕಂಬ, ತಂತಿ, ಡ್ರಿಪ್ ಎಲ್ಲಾ ಬೇಕು, ಬೇರು ಮೇಲೇ ಇರೋದರಿಂದ ನಮ್ಮ ಬೇಸಿಗೆಗೆ ಬೇಗ ಸೊರಗುತ್ತದೆ. ಸುಮ್ನೆ ತಲೆನೋವು.

ನಮ್ಮ ಕಡೆ ಎಂಎಂ 111 ಅನ್ನೋ ರೂಟ್‌ಸ್ಟಾಕ್ ಮೇಲೆ ಕಟ್ಟಿದ ಸಸಿ ಕೇಳಿ. ಬೇರು ಆಳಕ್ಕೆ ಹೋಗುತ್ತದೆ, ನೀರು ಸ್ವಲ್ಪ ಹಿಂದೆ ಮುಂದೆ ಆದರೂ ತಡೆಯುತ್ತದೆ. ಇದಕ್ಕೆ ಸಾಲಿಂದ ಸಾಲಿಗೆ 15 ಅಡಿ, ಗಿಡದಿಂದ ಗಿಡಕ್ಕೆ 12 ಅಡಿ ಬಿಡಿ, ಎಕರೆಗೆ 242 ಗಿಡ ಬರುತ್ತವೆ. ಪ್ರತಿ ವರ್ಷ ತಪ್ಪದೆ ಕೊಂಬೆ ಕತ್ತರಿಸೋ ಅಭ್ಯಾಸ ಇದ್ದರೆ ಗಿಡದಿಂದ ಗಿಡಕ್ಕೆ 10 ಅಡಿಗೂ ಇಳಿಸಬಹುದು. ನರ್ಸರಿಯವರಿಗೆ ಬೇರು ಯಾವುದು ಅಂತ ಹೇಳೋಕೆ ಬರದಿದ್ದರೆ ಅಲ್ಲಿ ಸಸಿ ತಗೋಬೇಡಿ.

ಎಲ್ಲಾ ಅನ್ನಾವನ್ನೇ ಹಾಕಬೇಡಿ, ಅದಕ್ಕೆ ಬೇರೆ ತಳಿಯ ಪರಾಗ ಬೇಕು. ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೂ ಬಿಡೋ ಡಾರ್ಸೆಟ್ ಗೋಲ್ಡನ್ ಸಸಿಗಳನ್ನು ಎಲ್ಲಾ ಸಾಲುಗಳಲ್ಲೂ ನಡುನಡುವೆ ಸೇರಿಸಿ, ತೋಟದ ಒಂದು ಮೂಲೆಗೆ ತಳ್ಳಬೇಡಿ.

ನೆಡುವಾಗ ಕಸಿ ಗಂಟು ಮಣ್ಣಿಂದ ಒಂದು ಗೇಣು ಮೇಲಿರಲಿ. ಹೂತುಹೋದರೆ ಗಂಟಿನ ಮೇಲಿನ ಅನ್ನಾ ಕಾಂಡವೇ ಬೇರು ಬಿಡಬಹುದು, ಆಮೇಲೆ ಮರ ತನ್ನಿಷ್ಟಕ್ಕೆ ಬೆಳೆಯುತ್ತದೆ, ನೀವು ಅಳೆದು ಬಿಟ್ಟ 12 ಅಡಿಯೂ ಸಾಲಲ್ಲ.