4ಬ + 10 = 90: ಇದರಲ್ಲಿ ಬದಲಾಗುವುದು ಯಾವುದು?

ಪ್ರಶ್ನೆ: ಮಗಳು ಏಳನೇ ತರಗತಿ. ಅಕ್ಷರ ಕಂಡರೆ ಚರಾಕ್ಷರ, ಅಂಕಿ ಕಂಡರೆ ಸ್ಥಿರ ಪದ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾಳೆ. ಬಿಡಿಸಿದಾಗ ಒಂದೇ ಉತ್ತರ ಬರುವುದಾದರೆ ಅದು ಚರಾಕ್ಷರ ಹೇಗಾಯಿತು ಎಂದೂ ಕೇಳುತ್ತಾಳೆ. ಹೇಗೆ ವಿವರಿಸಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ಮಗಳ ಪ್ರಶ್ನೆ ಬಹಳ ಒಳ್ಳೆಯದು, ಅದನ್ನು ಬದಿಗೆ ಸರಿಸಬೇಡಿ. ಹೋಟೆಲಿನಲ್ಲಿ 4 ಬನ್ಸ್ ಕಟ್ಟಿಸಿಕೊಂಡಿರಿ, ಪಾರ್ಸೆಲ್‌ಗೆ 10 ರೂಪಾಯಿ, ಬಿಲ್ಲು 90 ಎನ್ನೋಣ. 4ಬ + 10 = 90. ಇಲ್ಲಿ ‘ಬ’ ಎಂದರೆ ಬನ್ಸ್ ಅಲ್ಲ, ಒಂದು ಬನ್ಸಿನ ಬೆಲೆ. ಅಕ್ಷರವನ್ನು ವಸ್ತುವಿನ ಹೆಸರೆಂದುಕೊಂಡರೆ ಮುಂದಿನ ಲೆಕ್ಕವೆಲ್ಲ ಅಡ್ಡದಾರಿ ಹಿಡಿಯುತ್ತದೆ. ‘ಬ’ ಇರುವ ಜಾಗದಲ್ಲಿ 15, 18, 20 ಹೀಗೆ ಹಾಕಿ ನೋಡಲು ಹೇಳಿ. ಎಡಬದಿ 70, 82, 90 ಆಗುತ್ತದೆ. ಯಾವ ಬೆಲೆಯನ್ನೂ ಹಾಕಿ ನೋಡಬಹುದಾದ್ದರಿಂದ ಅದು ಚರಾಕ್ಷರ. ಅವುಗಳಲ್ಲಿ ಸಮೀಕರಣ ಸರಿಹೊಂದುವುದು 20ಕ್ಕೆ ಮಾತ್ರ.

ಇನ್ನು ಅಂಕಿಗಳು. 4 ಬದಲಾಗದ ಸಂಖ್ಯೆಯೇ, ಆದರೆ ‘ಬ’ವನ್ನು ಗುಣಿಸುತ್ತಿದೆ, ಅದು ಸಹಗುಣಕ. ಅಕ್ಷರದ ನಂಟಿಲ್ಲದೆ ನಿಂತ 10 ಎಡಬದಿಯ ಸ್ಥಿರ ಪದ. ಮೊದಲು ಆವರಣ ಬಿಡಿಸಲಿ, ಆಮೇಲೆ ಪ್ರತಿ ಪ್ಲಸ್, ಮೈನಸ್ಸಿನ ಮುಂಚೆ ಪೆನ್ಸಿಲಿನಲ್ಲಿ ಗೀಟು ಹಾಕಿ ಪದಗಳನ್ನು ಬೇರ್ಪಡಿಸಲಿ. ಚಿಹ್ನೆ ಅದರ ಮುಂದಿನ ಪದಕ್ಕೆ ಸೇರಿದ್ದು. 3(ಯ − 2) ಬಿಡಿಸಿದರೆ 3ಯ − 6. ಸ್ಥಿರ ಪದ −6. ಅವಸರದಲ್ಲಿ −2 ಎಂದೋ, ಚಿಹ್ನೆ ಬಿಟ್ಟು 6 ಎಂದೋ ಬರೆಯುವವರೇ ಹೆಚ್ಚು. −ಯ ಎಂಬಲ್ಲಿ ಸಹಗುಣಕ −1, ಯ² ಎಂಬಲ್ಲಿ ಆ 2 ಸಹಗುಣಕವಲ್ಲ, ಘಾತಸೂಚಿ, ಅಂದರೆ ಯ × ಯ ಎಂಬುದರ ಗುರುತು.

ಅಕ್ಷರವೆಲ್ಲ ಚರಾಕ್ಷರ ಎಂಬುದೂ ಪೂರ್ತಿ ನಿಜವಲ್ಲ. ಮೀನಿನ ಕಿಲೋ ದರ ‘ದ’, ತೂಕ ‘ತ’, ಐಸಿಗೆ 30 ರೂಪಾಯಿ, ಕೊಡುವ ಹಣ ‘ಹ’: ಹ = ದತ + 30 (ದತ ಎಂದರೆ ದ × ತ). ಇವತ್ತು ಬಂಗುಡೆಯ ದರ ನಿಗದಿಯಾಗಿದ್ದು, ಎಷ್ಟು ಕಿಲೋಗೆ ಎಷ್ಟು ಹಣ ಎಂದು ಕೇಳಿದರೆ ‘ದ’ ಸ್ಥಿರ, ‘ತ’ ಮತ್ತು ‘ಹ’ ಬದಲಾಗುತ್ತವೆ. ದಿನಾ 2 ಕಿಲೋ ಕೊಳ್ಳುವ ಮನೆಯ ತಿಂಗಳ ಲೆಕ್ಕದಲ್ಲಿ ‘ತ’ ಸ್ಥಿರ, ದರವೇ ಏರಿಳಿಯುವುದು. ಸಮೀಕರಣ ಒಂದೇ, ಕೇಳಿದ ಪ್ರಶ್ನೆ ಬೇರೆ. ಹಾಗಾಗಿ ಲೆಕ್ಕದ ವಾಕ್ಯವನ್ನು ಓದದೆ ಬರೀ ಸೂತ್ರ ನೋಡಿ ಉತ್ತರಿಸಬಾರದು.

ಕನ್ನಡದ ಅಕ್ಷರ ಬಳಸಿದ್ದಕ್ಕೆ ಮಗಳು ಹುಬ್ಬೇರಿಸಿದರೆ ಹೇಳಿ: 12ನೇ ಶತಮಾನದ ಭಾಸ್ಕರಾಚಾರ್ಯರು ತಿಳಿಯದ ಬೆಲೆಗೆ ‘ಯಾವತ್ತಾವತ್’ ಎಂಬುದರ ‘ಯಾ’, ಬಿಡಿಸಂಖ್ಯೆಗೆ ‘ರೂಪ’ದ ‘ರೂ’ ಎಂದು ಬರೆಯುತ್ತಿದ್ದರು. ಎಕ್ಸ್, ವೈ ಬಂದದ್ದು ಆಮೇಲೆ.

ಪ್ರಶ್ನೆ: ವೃತ್ತದ ಸೂತ್ರದಲ್ಲಿ ಪೈ ಚರಾಕ್ಷರವೇ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಅಲ್ಲ. ವೃತ್ತ ಬಳೆಯದಾಗಲಿ ಬಾವಿಯದಾಗಲಿ, ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಅದೇ ಸಂಖ್ಯೆ, ಸುಮಾರು 3.1416. ಪರಿಧಿ = 2 × ಪೈ × ತ್ರಿಜ್ಯ ಎಂಬಲ್ಲಿ ಬದಲಾಗುವುದು ಪರಿಧಿ ಮತ್ತು ತ್ರಿಜ್ಯ ಮಾತ್ರ. 22/7 ಪೈಯ ಹತ್ತಿರದ ಬೆಲೆ, ಪೈಯೇ ಅಲ್ಲ.